ಕೆರೆ ಕಾಣೋ ಫ್ಲ್ಯಾಟ್ ಕೊಂಡರೆ ಮಗನಿಗೆ ಓದಲು ಗಮನ ಬರುತ್ತಾ?

ಪರೀಕ್ಷೆ ಹತ್ತಿರ ಬಂತು ಅಂದ್ರೆ ಇದೇ ಪ್ರಶ್ನೆ ಬೇರೆ ಬೇರೆ ಬಡಾವಣೆಯಿಂದ ಬರುತ್ತೆ. ಈ ಸಲ ಒಬ್ಬರಿಗೆ ವಿವರವಾಗಿ ಉತ್ತರ ಬರೆದಿದ್ದೇನೆ. ಮಿಕ್ಕವರೂ ಇದನ್ನೇ ಓದಿಕೊಳ್ಳಿ.

ಪ್ರಶ್ನೆ: ಮೇಡಂ, ನಾವಿರೋದು ಚಾಮರಾಜಪೇಟೆ. ಮಗ ಹತ್ತನೇ ಕ್ಲಾಸು. ಪುಸ್ತಕ ಹಿಡಿದು ಹತ್ತು ನಿಮಿಷ ಕೂರಲ್ಲ. ಮರ, ಕೆರೆ ಹತ್ತಿರ ಇರೋ ಮಕ್ಕಳಿಗೆ ಏಕಾಗ್ರತೆ ಜಾಸ್ತಿಯಂತೆ. ಈ ಮನೆ ಮಾರಿ ತುರಹಳ್ಳಿ ಕಾಡಿನ ಕಡೆ ಫ್ಲ್ಯಾಟ್ ತಗೊಳ್ಳೋಣ ಅಂತಿದ್ದೇವೆ. ಶಾಲೆ ಬದಲಿಸಲ್ಲ, ವ್ಯಾನ್ ಇದೆ. ನಿಮ್ಮ ಸಲಹೆ?

ಉತ್ತರ: ಮಗನಿಗೋಸ್ಕರ ಅಂತಾದರೆ ಬೇಡ. ನಿಮಗೇ ಅಲ್ಲಿ ಇರಬೇಕು ಅನ್ನಿಸಿದರೆ ಧಾರಾಳವಾಗಿ ಹೋಗಿ, ಆದರೆ ಅವನ ಹೆಸರು ಹೇಳಬೇಡಿ.

ನೀವು ಕೇಳಿದ್ದು ಪೂರ್ತಿ ಸುಳ್ಳೇನಲ್ಲ. ಬಾರ್ಸಿಲೋನಾದಲ್ಲಿ 36 ಶಾಲೆಗಳ ಸುಮಾರು 2,600 ಮಕ್ಕಳನ್ನು ಒಂದು ವರ್ಷ ಪರೀಕ್ಷಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಸಿರು ಹೆಚ್ಚಿದ್ದ ಕಡೆ ಮಕ್ಕಳ ಗಮನ ತಪ್ಪೋದು ಕಡಿಮೆಯಾಗಿತ್ತು. ಬಿಲ್ಡರ್‌ಗಳು ಹೇಳೋದು ಇಲ್ಲಿವರೆಗೆ ಮಾತ್ರ. ಆ ಮಕ್ಕಳು 7ರಿಂದ 10 ವರ್ಷದವರು. ನಂಟು ಎದ್ದು ಕಂಡಿದ್ದು ಶಾಲೆಯ ಸುತ್ತಲಿನ ಹಸಿರಿಗೆ. ಅದರಲ್ಲೂ ಒಂದು ಪಾಲು ವಾಹನದ ಹೊಗೆ ಕಡಿಮೆ ಇದ್ದಿದ್ದರಿಂದ. ನೀವೋ, ಶಾಲೆ ಹಾಗೇ ಬಿಟ್ಟು ಮನೆ ಮಾತ್ರ ಬದಲಿಸಿ, ಹುಡುಗನನ್ನು ದಿನಕ್ಕೆರಡು ಸಲ ಕನಕಪುರ ರಸ್ತೆಯ ಹೊಗೆಯಲ್ಲಿ ಕೂರಿಸಲು ಹೊರಟಿದ್ದೀರಿ.

ಮನೆಯ ಕಿಟಕಿಯ ಬಗ್ಗೆಯೂ ಒಂದು ಅಧ್ಯಯನ ಇದೆ, ಶಿಕಾಗೋದ ಸರ್ಕಾರಿ ವಸತಿಯಲ್ಲಿ ನಡೆದದ್ದು, 2002ರದ್ದು. ಇಂಥದ್ದೇ ಮನೆ ಬೇಕು ಅಂತ ಆರಿಸಿಕೊಳ್ಳುವ ಅವಕಾಶ ಅಲ್ಲಿನವರಿಗೆ ಹೆಚ್ಚು ಇರಲಿಲ್ಲ. ಹಾಗಾಗಿ ದುಡ್ಡಿದ್ದವರ ಕಿಟಕಿಗೆ ಮಾತ್ರ ಮರ ಅನ್ನುವ ಗೊಂದಲ ಇಲ್ಲ. ಮರ ಕಾಣುವ ಮನೆಯ ಹುಡುಗಿಯರು ಗಮನ ಅಳೆಯುವ ಪರೀಕ್ಷೆಯಲ್ಲಿ ಮುಂದಿದ್ದರು. ಹುಡುಗರಲ್ಲಿ ಅಂಥ ನಂಟು ಕಾಣಲಿಲ್ಲ. ಹುಡುಗರು ಮನೆಯಿಂದ ದೂರ ಆಡಲು ಹೋಗ್ತಾರೆ, ಕಿಟಕಿ ಲೆಕ್ಕಕ್ಕೆ ಬರಲ್ಲ ಅನ್ನೋದು ಸಂಶೋಧಕರ ಊಹೆ. ನಿಮ್ಮದು ಗಂಡುಮಗು ಅಲ್ವಾ?

ನಿಮ್ಮ ಮಗನ ವಯಸ್ಸಿಗೆ ಹತ್ತಿರ ಇರೋದು 2016ರ ಇಲಿನಾಯ್ ಹೈಸ್ಕೂಲುಗಳ ಪ್ರಯೋಗ. 94 ವಿದ್ಯಾರ್ಥಿಗಳು. ಕಿಟಕಿಯಾಚೆ ಮರವಿದ್ದ ಕೋಣೆ, ಬರೀ ಕಟ್ಟಡ ಕಾಣುವ ಕೋಣೆ, ಕಿಟಕಿಯೇ ಇಲ್ಲದ ಕೋಣೆ. ಕೊಟ್ಟ ಕೆಲಸ ಮುಗಿಸಿದ ಕೂಡಲೇ ಗಮನ ಪರೀಕ್ಷಿಸಿದಾಗ ವ್ಯತ್ಯಾಸ ಇರಲಿಲ್ಲ. ಸ್ವಲ್ಪ ಬಿಡುವು ಕೊಟ್ಟು ಮತ್ತೆ ಪರೀಕ್ಷಿಸಿದಾಗ ಮರ ಕಂಡವರು ಮುಂದೆ ಬಂದರು. ಅಂದ್ರೆ ಹಸಿರು ಕೆಲಸ ಮಾಡೋದು ಬಿಡುವಿನಲ್ಲಿ. ಬಲವಂತದಿಂದ ಗಮನ ಹಿಡಿದು ಹಿಡಿದು ತಲೆ ದಣಿಯುತ್ತೆ. ಎಲೆ ಅಲ್ಲಾಡೋದು, ನೀರು ಹರಿಯೋದು ನೋಡೋಕೆ ಬಲವಂತ ಬೇಕಿಲ್ಲ. ಆಗ ಆ ದಣಿವು ಇಳಿಯುತ್ತೆ. ಅಮೆರಿಕದ ಮನೋವಿಜ್ಞಾನಿಗಳಾದ ಕಪ್ಲನ್ ದಂಪತಿ 1989ರಲ್ಲಿ ಮಂಡಿಸಿದ ವಿಚಾರ ಇದೇ. ನೀವು ಬಿಡುವೇ ಕೊಡದಿದ್ದರೆ ಕಿಟಕಿಯಾಚೆ ಪಶ್ಚಿಮ ಘಟ್ಟವೇ ಇದ್ದರೂ ಅಷ್ಟೇ.

ಚಾಮರಾಜಪೇಟೆಯಲ್ಲಿ ಇದ್ದುಕೊಂಡು ಹಸಿರು ಹುಡುಕ್ತಿದ್ದೀರಲ್ಲ, 240 ಎಕರೆ ಲಾಲ್‌ಬಾಗ್ ಪಕ್ಕದಲ್ಲೇ ಇದೆ. ಶಾಲೆಯಿಂದ ಬಂದ ಮೇಲೆ, ಟ್ಯೂಷನ್‌ಗೆ ಮುಂಚೆ, 20 ನಿಮಿಷ ನಡೆದಾಡಲಿ. ಫೋನ್ ಮನೇಲಿ. ಕೆರೆ ದಂಡೆಯ ಕಲ್ಲುಬೆಂಚಿನ ಮೇಲೆ ಹುಡುಗರು ಸಾಲಾಗಿ ಕೂತಿರ್ತಾರೆ, ಎಲ್ಲರ ಕತ್ತೂ ಬಗ್ಗಿ ರೀಲ್ಸ್ ಮೇಲೆ. ಎದುರಿಗೇ ನೀರುಕಾಗೆ ರೆಕ್ಕೆ ಹರಡಿ ಒಣಗಿಸ್ತಾ ಇರುತ್ತೆ, ಒಬ್ಬನೂ ನೋಡಲ್ಲ. ಹಾಗೆ ಕೂತರೆ ಉಪಯೋಗ ಇಲ್ಲ. ನೀವು ಜೊತೆಗೆ ಹೋಗಿ 'ಯೂನಿಟ್ ಟೆಸ್ಟಲ್ಲಿ ಎಷ್ಟು ಬಂತು' ಅಂತ ಕೇಳ್ತಾ ನಡೆದರೂ ಉಪಯೋಗ ಇಲ್ಲ.

ಇನ್ನು ನಿದ್ದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು. ಮನೆ ದೂರವಾದರೆ ವ್ಯಾನ್ ಬೇಗ ಬರುತ್ತೆ, ಅದಕ್ಕೆ ಕತ್ತರಿ ಬೀಳೋದು ನಿದ್ದೆಗೆ. ಅರೆನಿದ್ದೆಯ ಹುಡುಗನಿಗೆ ಯಾವ ಕಾಡೂ ಗಮನ ಕೊಡಲ್ಲ. ನಾನಂತೂ ಈ ಕಾರಣ ಒಂದಕ್ಕೇ ಬೇಡ ಅಂತೀನಿ. ಅವನು ಚಿಕ್ಕಂದಿನಿಂದಲೂ ಹೀಗೇ ಇದ್ದರೆ, ಶಾಲೆಯಲ್ಲೂ ಇದೇ ದೂರು ಇದ್ದರೆ, ಮನೆ ಬ್ರೋಕರ್ ಹತ್ರ ಹೋಗುವ ಮುಂಚೆ ಮಕ್ಕಳ ಮನೋವೈದ್ಯರ ಹತ್ರ ಹೋಗಿ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗ ಇದೆ.

ಪ್ರಶ್ನೆ: ಕಾಡಿನ ರೆಸಾರ್ಟಲ್ಲಿ ಮಿಡ್‌ಬ್ರೇನ್ ಆಕ್ಟಿವೇಷನ್ ಕ್ಯಾಂಪ್ ಇದೆ. ಮಕ್ಕಳು ಕಣ್ಣು ಕಟ್ಟಿಕೊಂಡೇ ಓದ್ತಾರಂತೆ. ಸೇರಿಸಬಹುದಾ?

ಉತ್ತರ: ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದ್ತಾರೆ. ಶುದ್ಧ ಮೋಸ. ಮಗುವಿಗೆ ಸುಳ್ಳು ಹೇಳೋದು ಕಲಿಸೋಕೆ ದುಡ್ಡು ಬೇರೆ ಕೊಡಬೇಕಾ?

ಪ್ರಶ್ನೆ: ಮಗಳು ಎಡಿಎಚ್‌ಡಿಗೆ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಮಾತ್ರೆ ತಗೊಳ್ತಿದ್ದಾಳೆ. ಅದನ್ನ ನಿಲ್ಲಿಸಿ ರಜದಲ್ಲಿ ತೀರ್ಥಹಳ್ಳಿಗೆ ಅಜ್ಜಿ ಮನೆಗೆ ಕಳಿಸಲಾ?

ಉತ್ತರ: ಕಳಿಸಿ, ಮಾತ್ರೆಯನ್ನೂ ಬ್ಯಾಗಿಗೆ ಹಾಕಿ. ಬರೆದುಕೊಟ್ಟ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಪ್ರಶ್ನೆ: ಓದುವ ಟೇಬಲ್ ಮೇಲೆ ಮನಿ ಪ್ಲಾಂಟ್ ಇಟ್ಟರೆ ಏಕಾಗ್ರತೆ ಹೆಚ್ಚುತ್ತಾ?

ಉತ್ತರ: ಇಡಿ, ಚೆನ್ನಾಗಿ ಕಾಣುತ್ತೆ. ವಾರಕ್ಕೊಮ್ಮೆಯಾದರೂ ಬಾಟಲಿ ತೊಳೆದು ನೀರು ಬದಲಿಸಿ, ಸೊಳ್ಳೆ ಆಗುತ್ತೆ.