ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಗಳು ಕಂಬದ ಹಾಗೆ ಯಾಕಿವೆ? ಮಡಗಾಸ್ಕರ್‌ಗೂ ಅದಕ್ಕೂ ಏನು ಸಂಬಂಧ?

ಅವನ್ನು ಯಾರೂ ಕಡೆದದ್ದಲ್ಲ, ಲಾವಾ ತಣ್ಣಗಾಗಿ ಆದ ಕಂಬಗಳು.

ಸುಮಾರು 9 ಕೋಟಿ ವರ್ಷಗಳ ಹಿಂದಿನವರೆಗೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡೇ ಇತ್ತು. ಭೂಮಿಯ ಹೊರಚಿಪ್ಪು ಒಂದೇ ತುಂಡಲ್ಲ ಅಲ್ವಾ, ಅದರ ಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತಲೇ ಇರುತ್ತವೆ. ಇಲ್ಲಿ ಫಲಕ ಎಳೆದು ತೆಳುವಾಗಿ ಸೀಳಿತು. ಹೊರಚಿಪ್ಪಿನ ಕೆಳಗಿರುವ ದಪ್ಪ ಪದರ, ಅಂದರೆ ಮ್ಯಾಂಟಲ್‌ನ ಮೇಲೆ ಒತ್ತಡ ಕಡಿಮೆಯಾಗಿ ಅದರ ಸ್ವಲ್ಪ ಭಾಗ ಕರಗಿತು. (ಮ್ಯಾಂಟಲ್ ಪೂರ್ತಿ ದ್ರವ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಅದು ಬಹುಪಾಲು ಗಟ್ಟಿ ಬಂಡೆಯೇ.) ಆ ಕಾಲದ ಜ್ವಾಲಾಮುಖಿಗಳಿಂದ ಸಿಲಿಕಾ (ಮರಳಿನಲ್ಲಿ ಹೆಚ್ಚಾಗಿರುವ ವಸ್ತು) ಜಾಸ್ತಿ ಇರುವ ಲಾವಾ ಇಲ್ಲಿ ಹರಿಯಿತು.

ಲಾವಾ ಆರುತ್ತಾ ಕುಗ್ಗುತ್ತದೆ. ಬೇಸಿಗೆಯಲ್ಲಿ ಒಣಗಿದ ಗದ್ದೆಯ ಕೆಸರಿನಂತೆ ಮೇಲ್ಮೈ ಒಡೆಯುತ್ತದೆ. ಆದರೆ ಇಲ್ಲಿ ಬಿರುಕು ನೇರವಾಗಿ ಒಳಕ್ಕೆ ಇಳಿಯುತ್ತದೆ, ಕಂಬ ಮೂಡುತ್ತದೆ. ಅಲ್ಲಿಗೆ ಹೋದಾಗ ಸುಮ್ನೆ ಫೋಟೋ ತೆಗೆದು ಬರಬೇಡಿ. ಒಂದು ಕಂಬದ ತಲೆ ನೋಡಿ ಮೂಲೆಗಳನ್ನು ಎಣಿಸಿ. ಹೆಚ್ಚಿನವಕ್ಕೆ ಐದು ಅಥವಾ ಆರು ಇರುತ್ತವೆ. ದಯವಿಟ್ಟು ಕಲ್ಲು ಕೀಳಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.