ಕಾರಿಗೆ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಮಾಡಿಸಿದ ಮೇಲೂ ಸ್ಟೀರಿಂಗ್ ಓರೆಯಾಗೇ ನಿಲ್ಲುತ್ತದೆ, ಯಾಕೆ?

ಬಹುಶಃ ಮುಂದಿನ ಚಕ್ರ ಮಾತ್ರ ಸರಿಮಾಡಿ ಕಳಿಸಿದ್ದಾರೆ. ಹಿಂದಿನದನ್ನೇ ಮೊದಲು ನೋಡಬೇಕು.

ಹಿಂದಿನ ಚಕ್ರಗಳು ಚೂರು ಬಲಕ್ಕೆ ತಿರುಗಿದ್ದರೆ ಕಾರಿನ ಹಿಂಭಾಗ ಬಲಕ್ಕೇ ಸರಿಯುತ್ತಾ ಹೋಗುತ್ತದೆ. ಆಗ ನೇರ ರಸ್ತೆಯಲ್ಲೂ ನೀವು ಸ್ಟೀರಿಂಗನ್ನು ಬಲಕ್ಕೆ ಹಿಡಿದೇ ಓಡಿಸಬೇಕು. ಮುಂದಿನ ಚಕ್ರ ಎಷ್ಟು ಹೊಂದಿಸಿದರೂ ಹಿಂದಿನ ಈ ಓರೆ ಸರಿಹೋಗಲ್ಲ. ಹಿಂದಿನ ಟೈರ್ ಅಂಚಿನ ಮೇಲೆ ಕೈಯಾಡಿಸಿ ನೋಡಿ, ಗರಗಸದ ಹಲ್ಲಿನ ಹಾಗೆ ತಗಲಿದರೆ ಅನುಮಾನ ಗಟ್ಟಿ.

ಆದರೆ ನಮ್ಮ ಸಣ್ಣ ಕಾರುಗಳಲ್ಲಿ ಹಿಂದೆ ಸಾಮಾನ್ಯವಾಗಿ ಒಂದೇ ಉಕ್ಕಿನ ತೊಲೆ ಇರುತ್ತದೆ, ಚಕ್ರದ ಕೋನ ಹೊಂದಿಸುವ ಬೋಲ್ಟೇ ಇರಲ್ಲ. ಅಳತೆ ತಪ್ಪಿದ್ದರೆ ತೊಲೆಯೋ, ಚಕ್ರ ಕೂರುವ ಹಬ್ (hub) ಭಾಗವೋ ಬಾಗಿದೆ ಅಂತ ಅರ್ಥ. ತೆಳು ತಗಡು ಕೊಟ್ಟು ಸರಿಮಾಡಬೇಕು, ಜಾಸ್ತಿ ಬಾಗಿದ್ದರೆ ಬದಲಿಸಬೇಕು. ಬೋಲ್ಟ್ ಇರುವ ಕಾರಾದರೆ ಮೊದಲು ಹಿಂದಿನದು, ಆಮೇಲೆ ಮುಂದಿನದು. ನಾಲ್ಕೂ ಚಕ್ರದ ಅಳತೆಯ ಪ್ರಿಂಟ್ ಕೇಳಿ ತಗೊಳ್ಳಿ.