ಅತ್ತೆಯ ಆರೈಕೆ ಮಾಡಿದ ಅನುಭವವಿದೆ, ತರಬೇತಿ ಬೇಕೇ?

ಪ್ರಶ್ನೆ: ನನಗೆ 42 ವರ್ಷ. ಹಾಸನ ಜಿಲ್ಲೆಯವಳು, ಬಿ.ಕಾಂ. ಓದಿದ್ದೇನೆ. ಎರಡು ವರ್ಷಗಳಿಂದ ಕೆನಡಾದ ಬ್ರಾಂಪ್ಟನ್‌ನಲ್ಲಿ ಕಾಯಂ ನಿವಾಸಿಯಾಗಿದ್ದೇನೆ. ಊರಿನಲ್ಲಿದ್ದಾಗ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಅತ್ತೆಯವರನ್ನು ಆರು ವರ್ಷ ನಾನೇ ನೋಡಿಕೊಂಡೆ. ಇಲ್ಲಿ ಪರ್ಸನಲ್ ಸಪೋರ್ಟ್ ವರ್ಕರ್ (ಸ್ನಾನ, ಊಟದಂಥ ದಿನನಿತ್ಯದ ಕೆಲಸಗಳಲ್ಲಿ ಹಿರಿಯರಿಗೆ, ರೋಗಿಗಳಿಗೆ ನೆರವಾಗುವ ಆರೈಕೆ ಸಹಾಯಕಿ) ಆಗುವ ಆಸೆಯಿದೆ. ಇಷ್ಟು ಅನುಭವವಿದ್ದೂ ತರಬೇತಿ ಬೇಕೇ? ಎಲ್ಲಿ ಓದುವುದು? ಗಂಡಸರಿಗೂ ಸ್ನಾನ ಮಾಡಿಸಬೇಕಾಗುತ್ತದೆಯೇ? ನಾವು ಸಸ್ಯಾಹಾರಿಗಳು, ಮಾಂಸದ ಊಟ ತಿನ್ನಿಸಬೇಕಾಗುತ್ತದೆಯೇ?
– ಹೆಸರು ಬೇಡ, ಬ್ರಾಂಪ್ಟನ್

ಉತ್ತರ: ಆರು ವರ್ಷ ಒಬ್ಬರ ಮೈ ತೊಳೆದು, ಊಟ ಮಾಡಿಸಿದವರು ನೀವು. ಈ ಕೆಲಸಕ್ಕೆ ಬರುವವರಲ್ಲಿ ಅನೇಕರು ಅದನ್ನು ಕಂಡಿರುವುದೂ ಇಲ್ಲ. ಆದರೂ ತರಬೇತಿ ಬೇಕೇ ಬೇಕು. ನೀವಿರುವ ಆಂಟೇರಿಯೋ ಪ್ರಾಂತ್ಯದಲ್ಲಿ, ಹಿರಿಯರು ಅಲ್ಲೇ ಉಳಿದು ಆರೈಕೆ ಪಡೆಯುವ ಲಾಂಗ್ ಟರ್ಮ್ ಕೇರ್ ಕೇಂದ್ರಗಳು ನಿಮ್ಮನ್ನು ಈ ಹುದ್ದೆಗೆ ತೆಗೆದುಕೊಳ್ಳಬೇಕಾದರೆ, ತರಗತಿ ಮತ್ತು ಪ್ರಾಯೋಗಿಕ ಅವಧಿ ಎರಡೂ ಸೇರಿ ಕನಿಷ್ಠ 600 ಗಂಟೆಗಳ, ಪ್ರಾಂತ್ಯದ ಮಾನದಂಡಕ್ಕೆ ಹೊಂದುವ ಕೋರ್ಸನ್ನು ಮುಗಿಸಿರಬೇಕು ಎಂಬುದು ಸಾಮಾನ್ಯ ನಿಯಮ. ಮನೆಯಲ್ಲಿ ಮಾಡಿದ ಆರೈಕೆ ಆ ಲೆಕ್ಕಕ್ಕೆ ಸೇರುವುದಿಲ್ಲ.

ನಿಯಮವೇ ಇಲ್ಲದಿದ್ದರೂ ನಾನು ಕಲಿಯಿರಿ ಎಂದೇ ಹೇಳುತ್ತಿದ್ದೆ. ನಮ್ಮ ಮನೆಗಳಲ್ಲಿ ಸೇವೆಯೆಂದರೆ ಹಿರಿಯರ ಕೈಗೆ ಯಾವ ಕೆಲಸವನ್ನೂ ಉಳಿಸದೆ ಎಲ್ಲವನ್ನೂ ನಾವೇ ಮಾಡಿಕೊಡುವುದು. ತುತ್ತು ಬಾಯಿಗಿಡುತ್ತೇವೆ, ಕುಪ್ಪಸದ ಗುಂಡಿ ನಾವೇ ಹಾಕುತ್ತೇವೆ. ನಿಮ್ಮ ಅತ್ತೆಯವರ ಒಂದು ಕೈ ಚೆನ್ನಾಗಿತ್ತೇ? ಆ ಕೈಯಲ್ಲಿ ಅವರು ಚಮಚ ಹಿಡಿಯುತ್ತಿದ್ದರೇ? ಇದನ್ನು ನಿಮ್ಮನ್ನು ನೋಯಿಸಲು ಕೇಳುತ್ತಿಲ್ಲ. ನಮ್ಮ ಕಡೆಯಿಂದ ತರಗತಿಗೆ ಬರುವ ಹೆಣ್ಣುಮಕ್ಕಳೆಲ್ಲರಿಗೂ ಕೇಳುತ್ತೇನೆ. ಹಿರಿಯರು ಮಾಡಬಲ್ಲದ್ದನ್ನು ಅವರೇ ಮಾಡಲಿ ಎಂದು ಪಕ್ಕದಲ್ಲಿ ಕಾದು ನಿಲ್ಲುವುದು ಈ ತರಬೇತಿಯ ಅತ್ಯಂತ ಕಠಿಣ ಪಾಠ. ಬಳಸದ ಕೈ ಬಹಳ ಬೇಗ ಸೋಲುತ್ತದೆ.

ತರಗತಿಯಲ್ಲಿ ಒಂದು ಅಭ್ಯಾಸವಿರುತ್ತದೆ: ಒಬ್ಬರು ರೋಗಿಯಂತೆ ಕೂರಬೇಕು, ಇನ್ನೊಬ್ಬರು ತಿನ್ನಿಸಬೇಕು. ನಾನು ಮೊದಲ ಬಾರಿ ಹಾಗೆ ಕುಳಿತಾಗ, ಬಾಯಲ್ಲಿದ್ದುದನ್ನು ನುಂಗುವ ಮೊದಲೇ ಮುಂದಿನ ಚಮಚ ತುಟಿಗೆ ತಾಗಿತು. ಕಣ್ಣಲ್ಲಿ ನೀರು ಬಂತು. ಅಂದಿನಿಂದ ನಿಂತುಕೊಂಡು ಯಾರಿಗೂ ತಿನ್ನಿಸಿಲ್ಲ. ಎದುರು ಕುಳಿತು, ಅವರನ್ನು ನೆಟ್ಟಗೆ ಕೂರಿಸಿ, ಗಂಟಲು ಇಳಿದದ್ದನ್ನು ನೋಡಿಯೇ ಮುಂದಿನ ತುತ್ತು. ನುಂಗುವ ತೊಂದರೆಯಿರುವವರಿಗೆ ಆತುರದ ಒಂದು ಚಮಚ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದು.

ಇಂಥ ಸಣ್ಣ ಸಂಗತಿಗಳೇ ಕೋರ್ಸಿನ ತಿರುಳು. ಲಕ್ವ ಹೊಡೆದವರಿಗೆ ಅಂಗಿ ತೊಡಿಸುವಾಗ ಬಲಹೀನ ಕೈ ಮೊದಲು, ಕಳಚುವಾಗ ಅದು ಕೊನೆಗೆ. ಹಾಸಿಗೆ ಹಿಡಿದವರ ಹಿಮ್ಮಡಿ ಮತ್ತು ಬೆನ್ನಿನ ಕೆಳಭಾಗದಲ್ಲಿ ಮಾಸದ ಕೆಂಪು ಕಂಡರೆ ತಕ್ಷಣ ನರ್ಸ್‌ಗೆ ತಿಳಿಸಬೇಕು. ಎತ್ತುವ ಯಂತ್ರವನ್ನು ಇಬ್ಬರು ಸೇರಿ ಬಳಸಬೇಕು. ಊರಿನಲ್ಲಿ ಅತ್ತೆಯವರನ್ನು ಕಂಕುಳಿಗೆ ಕೈಹಾಕಿ ಎತ್ತುತ್ತಿದ್ದಂತೆ ಇಲ್ಲಿ ಎತ್ತಿದರೆ ರೋಗಿಯ ಭುಜವೂ ಹೋಗುತ್ತದೆ, ನಿಮ್ಮ ಸೊಂಟವೂ ಹೋಗುತ್ತದೆ. ವರದಿ ಬರೆಯುವುದನ್ನೂ ಕಲಿಸುತ್ತಾರೆ. ‘ಸಿಟ್ಟಾಗಿದ್ದರು’ ಎಂದು ಬರೆಯುವಂತಿಲ್ಲ, ‘ತಟ್ಟೆಯನ್ನು ದೂರ ತಳ್ಳಿದರು’ ಎಂದು ಕಂಡದ್ದನ್ನೇ ಬರೆಯಬೇಕು.

ಒಂದು ಮಾತನ್ನು ಮುಚ್ಚಿಡುವುದಿಲ್ಲ. ಕಾದು ನಿಲ್ಲಿ ಎನ್ನುತ್ತದೆ ತರಗತಿ, ಬೇಗ ಮುಗಿಸಿ ಎನ್ನುತ್ತದೆ ಬೆಳಗಿನ ಪಾಳಿ. ಪ್ರಾಂತ್ಯದ 2021ರ ಕಾನೂನು ಈ ಕೇಂದ್ರಗಳಲ್ಲಿರುವ ಪ್ರತಿಯೊಬ್ಬರಿಗೆ ದಿನಕ್ಕೆ ಸರಾಸರಿ ನಾಲ್ಕು ಗಂಟೆಗಳ ನೇರ ಆರೈಕೆಯ ಗುರಿಯನ್ನು 2025ರ ಮಾರ್ಚ್ ಅಂತ್ಯಕ್ಕೆ ಇಟ್ಟಿತ್ತು. ಆದರೂ ಒಬ್ಬರು ರಜೆ ಹಾಕಿದ ದಿನ ಉಳಿದವರ ಪಾಡು ಹೇಳತೀರದು. ಅದನ್ನು ತಿಳಿದೇ ಬನ್ನಿ.

ಓದುವ ಜಾಗದ ವಿಷಯ. ಸರ್ಕಾರಿ ಕಾಲೇಜುಗಳಲ್ಲಿ ಇದು ಎರಡು ಸೆಮಿಸ್ಟರ್‌ಗಳ ಕೋರ್ಸ್; ಬ್ರಾಂಪ್ಟನ್‌ನಲ್ಲೇ ಶೆರಿಡನ್ ಕಾಲೇಜಿನ ಡೇವಿಸ್ ಕ್ಯಾಂಪಸ್ ಇದೆ. ಕಾಯಂ ನಿವಾಸಿಗೆ ಅಂತರರಾಷ್ಟ್ರೀಯ ವಿದ್ಯಾರ್ಥಿಯ ಶುಲ್ಕವಿಲ್ಲ. ಕೆಲವು ಶಾಲಾ ಮಂಡಳಿಗಳ ವಯಸ್ಕರ ಶಿಕ್ಷಣ ಕೇಂದ್ರಗಳಲ್ಲಿ ಇದೇ ಕೋರ್ಸ್ ಬಹಳ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ನಾನಾದರೆ ಮೊದಲು ಅಲ್ಲಿಯೇ ವಿಚಾರಿಸುತ್ತಿದ್ದೆ. ಖಾಸಗಿ ಕಾಲೇಜಿಗೆ ಹಣ ಕಟ್ಟುವ ಮೊದಲು ಅದು ಪ್ರಾಂತ್ಯದಲ್ಲಿ ನೋಂದಾಯಿತವೇ, ಪ್ರಾಯೋಗಿಕ ತರಬೇತಿಯ ಜಾಗವನ್ನು ಅವರೇ ಹುಡುಕಿಕೊಡುತ್ತಾರೆಯೇ ಎಂದು ಕೇಳಿ. ‘ನೀವೇ ನೋಡಿಕೊಳ್ಳಿ’ ಎಂದರೆ ಎದ್ದು ಬನ್ನಿ. ವಯಸ್ಸು ಅಡ್ಡಿಯಲ್ಲ.

ಪ್ರಾಯೋಗಿಕ ತರಬೇತಿಗೆ ಪೊಲೀಸ್ ಪರಿಶೀಲನೆ, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ, ಲಸಿಕೆಗಳ ದಾಖಲೆ ಮತ್ತು ಕ್ಷಯದ ಚರ್ಮ ಪರೀಕ್ಷೆ ಬೇಕು. ಊರಿನಲ್ಲಿ ಬಿ.ಸಿ.ಜಿ. ಹಾಕಿಸಿಕೊಂಡವರಿಗೆ ಈ ಪರೀಕ್ಷೆ ಪಾಸಿಟಿವ್ ಬರುವುದುಂಟು. ಗಾಬರಿಯಾಗಬೇಡಿ, ಎದೆಯ ಎಕ್ಸ್‌ರೇ ತೆಗೆಸಲು ಹೇಳುತ್ತಾರೆ. ಬಾಲ್ಯದ ಲಸಿಕೆ ಚೀಟಿ ಕಳೆದುಹೋಗಿದ್ದರೆ ರಕ್ತ ಪರೀಕ್ಷೆಯಿಂದ ರೋಗನಿರೋಧಕ ಶಕ್ತಿಯನ್ನು ತೋರಿಸಬಹುದು. ಇದಕ್ಕೆ ವಾರಗಳೇ ಹಿಡಿಯುತ್ತವೆ, ಬೇಗ ಶುರು ಮಾಡಿ. 2024ರ ಡಿಸೆಂಬರ್‌ನಿಂದ ಈ ವೃತ್ತಿಗೆ ಪ್ರಾಂತ್ಯದ ನೋಂದಣಿ ಪ್ರಾಧಿಕಾರವಿದೆ. ಅಲ್ಲಿ ಹೆಸರು ಬರೆಸುವುದು ಕಡ್ಡಾಯವಲ್ಲ.

ಹೌದು, ಗಂಡಸರಿಗೂ ಸ್ನಾನ ಮಾಡಿಸಬೇಕು. ತೊಳೆಯುವ ಭಾಗವನ್ನಷ್ಟೇ ತೆರೆದು ಉಳಿದ ಮೈಗೆ ಟವೆಲ್ ಹೊದಿಸಿರುತ್ತೇವೆ, ಆಗುವಷ್ಟನ್ನು ಅವರ ಕೈಗೇ ಬಟ್ಟೆ ಕೊಟ್ಟು ಮಾಡಿಸುತ್ತೇವೆ. ನಿಮಗಿಂತ ಹೆಚ್ಚು ಸಂಕೋಚ ಅವರಿಗಿರುತ್ತದೆ ಎಂಬುದು ಮೊದಲ ದಿನವೇ ಅರ್ಥವಾಗುತ್ತದೆ. ಮಾಂಸವನ್ನೂ ತಿನ್ನಿಸಬೇಕು, ನುಣ್ಣಗೆ ರುಬ್ಬಿದ ದನದ ಮಾಂಸ ಸಹ. ನಾನೂ ಸಸ್ಯಾಹಾರಿಯೇ, ವಾಸನೆಗೆ ಹೊಂದಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಸಾಧ್ಯವೇ ಇಲ್ಲ ಎನಿಸಿದರೆ ಈ ಕೆಲಸ ಬೇಡ.

ಅದನ್ನು ತಿಳಿಯಲು ಒಂದು ದಾರಿ ಇದೆ. ಹತ್ತಿರದ ಲಾಂಗ್ ಟರ್ಮ್ ಕೇರ್ ಕೇಂದ್ರದಲ್ಲಿ ಸ್ವಯಂಸೇವಕಿಯಾಗಲು ಅರ್ಜಿ ಹಾಕಿ, ಮಧ್ಯಾಹ್ನದ ಊಟದ ಹೊತ್ತನ್ನೇ ಕೇಳಿ ಪಡೆಯಿರಿ. ನಾಲ್ಕು ವಾರ ಹೋಗಿಬಂದ ಮೇಲೆ ಶುಲ್ಕ ಕಟ್ಟಿ.